ಗ್ರ್ಯಾಪಲ್ ಕೂರಿಸುವ ಮುನ್ನ ತೂಕದ ಲೆಕ್ಕ ಹಾಕಿ

ಪ್ರಶ್ನೆ: ನನ್ನ ಬಳಿ 25 ಅಶ್ವಶಕ್ತಿಯ ಸಣ್ಣ ಟ್ರ್ಯಾಕ್ಟರ್ ಇದೆ. ಮುಂದೆ ಲೋಡರ್ ಮತ್ತು ಬಕೆಟ್ ಇವೆ. ಸವರಿದ ಕೊಂಬೆ, ಮುಳ್ಳುಪೊದೆ, ಕಿತ್ತ ಬೊಡ್ಡೆಗಳನ್ನು ಬಕೆಟ್‌ನಲ್ಲಿ ಸಾಗಿಸಿದರೆ ಅರ್ಧ ದಾರಿಯಲ್ಲೇ ಉದುರುತ್ತವೆ. ಹಾಗಾಗಿ ಹೈಡ್ರಾಲಿಕ್ ಗ್ರ್ಯಾಪಲ್, ಅಂದರೆ ಎಣ್ಣೆಯ ಒತ್ತಡದಿಂದ ದವಡೆ ಮುಚ್ಚಿ ಹೊರೆ ಹಿಡಿಯುವ ಉಪಕರಣ, ಹಾಕಿಸಬೇಕೆಂದಿದ್ದೇನೆ. ಲೋಡರ್ ಲಿವರ್‌ನಲ್ಲಿರುವುದು ಎತ್ತಿ ಇಳಿಸುವುದು, ಬಕೆಟ್ ಮಗುಚುವುದು ಎಂಬ ಎರಡೇ ಕೆಲಸ. ಮೂರನೆಯದಕ್ಕೆ ಎಣ್ಣೆ ಎಲ್ಲಿಂದ ತರಬೇಕು? ಡೈವರ್ಟರ್ ವಾಲ್ವ್ ಸಾಕೇ, ಪ್ರತ್ಯೇಕ ವಾಲ್ವ್ ಬೇಕೇ? ಲೋಡರ್‌ನ ಸಾಮರ್ಥ್ಯ 450 ಕೆ.ಜಿ. ಎಂದು ಕೈಪಿಡಿಯಲ್ಲಿದೆ. ನಾನು ನೋಡಿಟ್ಟ ಗ್ರ್ಯಾಪಲ್ 190 ಕೆ.ಜಿ. ತೂಗುತ್ತದೆ.

ಉತ್ತರ: ನೀವು ಕೇಳಿರುವುದು ಎಣ್ಣೆಯ ದಾರಿಯನ್ನು. ಆದರೆ ನನ್ನ ಕಣ್ಣು ನಿಂತದ್ದು ನಿಮ್ಮ ಕೊನೆಯ ಎರಡು ವಾಕ್ಯಗಳ ಮೇಲೆ. ವಾಲ್ವ್ ಯಾವುದಾದರೂ ಕೆಲಸ ನಡೆಯುತ್ತದೆ. ತೂಕ ತಪ್ಪಿದರೆ ಟ್ರ್ಯಾಕ್ಟರ್ ಏನನ್ನೂ ಎತ್ತುವುದಿಲ್ಲ.

ಕೈಪಿಡಿಯ 450 ಕೆ.ಜಿ. ಸಾಮಾನ್ಯವಾಗಿ ಲೋಡರ್ ತೋಳಿನ ತುದಿಯ ಪಿನ್ನಿನಲ್ಲಿ ಅಳೆದದ್ದು. ಅದರಲ್ಲಿ ಗ್ರ್ಯಾಪಲ್‌ನ 190 ಕಳೆಯಿರಿ. ಬೇಗ ಕಳಚಿ ಜೋಡಿಸುವ ಪ್ಲೇಟ್ ಇದ್ದರೆ ಇನ್ನೊಂದು 30–40 ಕಳೆಯಿರಿ. ಉಳಿದದ್ದು ಸುಮಾರು 220. ಅದೂ ಪೂರ್ತಿ ನಿಮ್ಮದಲ್ಲ. ಹೊರೆ ಕೂರುವುದು ಪಿನ್ನಿನ ಮೇಲಲ್ಲ, ಅದಕ್ಕಿಂತ ಅರ್ಧ ಮೀಟರ್ ಮುಂದೆ. ತೋಳು ಉದ್ದವಾದಷ್ಟೂ ಎತ್ತುವ ಬಲ ಇಳಿಯುತ್ತದೆ. ಅನೇಕ ಕೈಪಿಡಿಗಳಲ್ಲಿ ಪಿನ್ನಿನಿಂದ 500 ಮಿ.ಮೀ. ಮುಂದಿನ ಸಾಮರ್ಥ್ಯವನ್ನೂ ಬೇರೆಯಾಗಿ ಕೊಟ್ಟಿರುತ್ತಾರೆ. ನಿಮ್ಮ ಕೆಲಸಕ್ಕೆ ಬೇಕಾದ ಅಂಕಿ ಅದೇ. ಎಲ್ಲ ಕಳೆದು ನಿಮ್ಮ ಕೈಗೆ 150 ಕೆ.ಜಿ. ಉಳಿದೀತು. ಅದಕ್ಕೆ ಎಷ್ಟು ಮರ ಸಿಗುತ್ತದೆ ನೋಡಿ: 30 ಸೆಂ.ಮೀ. ದಪ್ಪ, 2 ಮೀಟರ್ ಉದ್ದದ ಹಸಿ ದಿಮ್ಮಿಯ ಗಾತ್ರ 0.14 ಘನ ಮೀಟರ್. ಹಸಿ ಗಟ್ಟಿಮರ ಘನ ಮೀಟರಿಗೆ 900ರಿಂದ 1000 ಕೆ.ಜಿ. ತೂಗುವುದು ಸಾಮಾನ್ಯ. ಅಂದರೆ ಒಂದೇ ದಿಮ್ಮಿಗೆ ನಿಮ್ಮ ಲೋಡರ್‌ನ ಶಕ್ತಿ ತೀರಿತು.

ಆದ್ದರಿಂದ 190 ಕೆ.ಜಿ.ಯದನ್ನು ಬಿಡಿ. 100 ಕೆ.ಜಿ. ಆಸುಪಾಸಿನ, ಸುಮಾರು 4 ಅಡಿ ಅಗಲದ, ಒಂದೇ ಮೇಲ್ದವಡೆಯ ಗ್ರ್ಯಾಪಲ್ ಹುಡುಕಿ. ಎರಡು ಬಿಡಿ ದವಡೆಗಳದ್ದು ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳುವಾದ ಹೊರೆಯನ್ನು ಚೆನ್ನಾಗಿ ಹಿಡಿಯುತ್ತದೆ, ನಿಜ. ಆದರೆ ಎರಡನೆಯ ಸಿಲಿಂಡರ್ ಮತ್ತು ಕಬ್ಬಿಣದ ತೂಕವನ್ನು ದೊಡ್ಡ ಟ್ರ್ಯಾಕ್ಟರ್ ಹೊತ್ತೀತು, ನಿಮ್ಮದಲ್ಲ. ಸಣ್ಣದಾದರೆ ಹಿಡಿತ ಸಾಲದೇನೋ ಎಂಬ ಅಳುಕು ಬೇಡ. 50 ಮಿ.ಮೀ. ಒಳವ್ಯಾಸದ ಒಂದು ಸಿಲಿಂಡರ್ 150 ಬಾರ್ ಒತ್ತಡದಲ್ಲಿ ಸುಮಾರು 3000 ಕೆ.ಜಿ. ಬಲದಿಂದ ತಳ್ಳುತ್ತದೆ. ಸಿಲಿಂಡರ್ ತಳ್ಳುವ ಜಾಗಕ್ಕಿಂತ ದವಡೆಯ ತುದಿ ಕೀಲಿನಿಂದ ನಾಲ್ಕು ಪಟ್ಟು ದೂರವಿದ್ದು ತುದಿಯಲ್ಲಿ ಕಾಲುಭಾಗ ಮಾತ್ರ ಸಿಕ್ಕರೂ ಅದು 750 ಕೆ.ಜಿ. ಕೊಂಬೆಯ ರಾಶಿಯನ್ನು ಅವಚಿ ಹಿಡಿಯಲು ಅದು ಧಾರಾಳ. ಗ್ರ್ಯಾಪಲ್ ನಿಮಗೆ ಕೊಡುವುದು ಹಿಡಿತವನ್ನೇ ಹೊರತು ಎತ್ತುವ ಶಕ್ತಿಯನ್ನಲ್ಲ.

ಇನ್ನು ಎಣ್ಣೆ. ದಾರಿಗಳು ಮೂರು.

ಉಪಕರಣಗಳಿಗೆ ಎಣ್ಣೆ ಕೊಡುವ ಹಿಂಬದಿಯ ರಿಮೋಟ್ ಕಪ್ಲಿಂಗ್‌ನಿಂದ ಮುಂದಕ್ಕೆ ಉದ್ದನೆಯ ಹೋಸ್ ಎಳೆಯುವುದು ಒಂದು. ಅಗ್ಗ, ಆದರೆ ಪ್ರತಿ ಸಲವೂ ಲೋಡರ್ ಲಿವರ್‌ನಿಂದ ಕೈ ತೆಗೆದು ಹಿಂದಿನ ಲಿವರ್ ಹುಡುಕಬೇಕು. ಹೊರೆ ಗಾಳಿಯಲ್ಲಿರುವಾಗ ಹಾಗೆ ಕೈ ಬಿಡುವುದು ನನಗೆ ಒಪ್ಪಿಗೆಯಿಲ್ಲ.

ಎರಡನೆಯದು ಡೈವರ್ಟರ್. ಬಕೆಟ್ ಮಗುಚುವ ಸಿಲಿಂಡರ್‌ಗೆ ಹೋಗುವ ಎರಡು ಹೋಸ್‌ಗಳ ನಡುವೆ ಆರು ಬಾಯಿಗಳ, ವಿದ್ಯುತ್ತಿನಿಂದ ಆಡುವ ಸೊಲೆನಾಯ್ಡ್ ವಾಲ್ವ್ ಕೂರುತ್ತದೆ. ಲಿವರ್ ಮೇಲಿನ ಗುಂಡಿ ಒತ್ತಿ ಹಿಡಿದರೆ ಅದೇ ಎಣ್ಣೆ ಗ್ರ್ಯಾಪಲ್‌ಗೆ ತಿರುಗುತ್ತದೆ, ಬಿಟ್ಟರೆ ಮತ್ತೆ ಮಗುಚುವ ಕೆಲಸಕ್ಕೆ. ವಾಲ್ವನ್ನು ಲೋಡರ್ ತೋಳಿನ ಅಡ್ಡಪಟ್ಟಿಯ ಮೇಲೆ ಕೂರಿಸಿದರೆ ಟ್ರ್ಯಾಕ್ಟರ್‌ನಿಂದ ಮುಂದಕ್ಕೆ ಎಳೆಯಬೇಕಾದದ್ದು ಬರೀ ವೈರು. ಕೊರತೆ ಒಂದೇ: ಮಗುಚುವುದು ಮತ್ತು ಹಿಡಿಯುವುದು ಏಕಕಾಲಕ್ಕೆ ಆಗುವುದಿಲ್ಲ. ಆದರೆ ಯಾರೂ ಅಷ್ಟಾಗಿ ಹೇಳದ ಒಂದು ಗುಣವೂ ಇದೆ. ದವಡೆಯ ವೇಗ ನಿಮ್ಮ ಲಿವರ್‌ನ ಹತೋಟಿಯಲ್ಲಿರುತ್ತದೆ. ಮೆಲ್ಲಗೆ ಸರಿಸಿದರೆ ಮೆಲ್ಲಗೆ ಮುಚ್ಚುತ್ತದೆ.

ಮೂರನೆಯದು ಪ್ರತ್ಯೇಕ ವಾಲ್ವ್. ಸಣ್ಣ ಟ್ರ್ಯಾಕ್ಟರ್‌ಗಳಲ್ಲಿ ಹೆಚ್ಚಿನವು ಓಪನ್ ಸೆಂಟರ್ ಬಗೆಯವು: ಗೇರ್ ಪಂಪ್ ಎಣ್ಣೆಯನ್ನು ಸದಾ ಸುತ್ತಿಸುತ್ತಲೇ ಇರುತ್ತದೆ. ಅದು ಲೋಡರ್ ವಾಲ್ವ್ ದಾಟಿ, ಪವರ್ ಬಿಯಾಂಡ್ ಎಂಬ ಬಾಯಿಯಿಂದ ಹೊರಟು, ಹಿಂದೆ ಉಪಕರಣಗಳನ್ನು ಎತ್ತುವ ತ್ರೀ ಪಾಯಿಂಟ್ ಲಿಂಕೇಜಿಗೆ ಹೋಗುತ್ತದೆ. ಹೊಸ ವಾಲ್ವ್ ಈ ಎರಡರ ನಡುವೆ ಬರಬೇಕು. ಎತ್ತುತ್ತ, ಮಗುಚುತ್ತ, ಹಿಡಿಯುತ್ತ ಒಟ್ಟಿಗೆ ಕೆಲಸ ಮಾಡಬಹುದು. ಆದರೆ ಗುಂಡಿ ಒತ್ತಿದೊಡನೆ ಪೂರ್ತಿ ಎಣ್ಣೆ ನುಗ್ಗಿ ದವಡೆ ದಡಾರನೆ ಬಡಿಯುತ್ತದೆ. ದಾರಿಯಲ್ಲೊಂದು ರಿಸ್ಟ್ರಿಕ್ಟರ್, ಅಂದರೆ ಎಣ್ಣೆಯ ಹರಿವು ತಗ್ಗಿಸುವ ಕಿರಿದಾದ ರಂಧ್ರದ ತುಂಡು, ಹಾಕಿಸಿ. ನಿಮ್ಮದು ಓಪನ್ ಸೆಂಟರ್ ಹೌದೋ ಅಲ್ಲವೋ ಎಂಬುದನ್ನು ವಾಲ್ವ್ ಕೊಳ್ಳುವ ಮೊದಲೇ ಕೈಪಿಡಿಯಲ್ಲಿ ಖಚಿತಪಡಿಸಿಕೊಳ್ಳಿ.

ಈ ಮೂರನೆಯ ದಾರಿಯಲ್ಲಿ ಆಗುವ ದೊಡ್ಡ ತಪ್ಪು ಹೊಸ ವಾಲ್ವಿನ ಟ್ಯಾಂಕಿನ ಬಾಯಿ ಮತ್ತು ಪವರ್ ಬಿಯಾಂಡ್ ಬಾಯಿ ಅದಲುಬದಲಾಗುವುದು. ನಾನು ಹೊಸಬನಾಗಿದ್ದಾಗ ಒಂದು ಟ್ರ್ಯಾಕ್ಟರ್‌ನಲ್ಲಿ ಹಾಗೆಯೇ ಜೋಡಿಸಿಬಿಟ್ಟೆ. ಗ್ರ್ಯಾಪಲ್ ಸೊಗಸಾಗಿ ಆಡಿತು, ಲಿಂಕೇಜ್ ಮಾತ್ರ ಏಳಲಿಲ್ಲ. ಪಂಪ್ ಸವೆದಿದೆಯೆಂದು ಅರ್ಧ ದಿನ ಹುಡುಕಾಡಿದೆ. ಗ್ರ್ಯಾಪಲ್ ಅಲುಗಿದಾಗಲೆಲ್ಲ ಲಿಂಕೇಜ್ ಸ್ವಲ್ಪ ಏಳುವುದು ಕಣ್ಣಿಗೆ ಬಿದ್ದ ಮೇಲೆಯೇ ಹೊಳೆದದ್ದು: ಗ್ರ್ಯಾಪಲ್‌ನಿಂದ ಮರಳುವ ಎಣ್ಣೆ ಲಿಂಕೇಜಿಗೆ, ಲಿಂಕೇಜಿಗೆ ಸಲ್ಲಬೇಕಾದ ಎಣ್ಣೆ ಟ್ಯಾಂಕಿಗೆ ಹೋಗುತ್ತಿತ್ತು. ಹೆಚ್ಚು ಹೊತ್ತು ಹಾಗೇ ಓಡಿಸಿದ್ದರೆ ಟ್ಯಾಂಕಿನ ಕಡೆಯ ಸೀಲುಗಳು ಹಾರಿಹೋಗುತ್ತಿದ್ದವು. ಅವು ಆ ಒತ್ತಡ ತಾಳಲು ಮಾಡಿದವಲ್ಲ. ಅಂದಿನಿಂದ ಪ್ರತಿ ಹೋಸಿಗೂ ಬಿಚ್ಚುವ ಮೊದಲೇ ಬಣ್ಣದ ಗುರುತು ಕಟ್ಟುತ್ತೇನೆ.

ನಿಮ್ಮ ಕೆಲಸ ಆಗೊಮ್ಮೆ ಈಗೊಮ್ಮೆ ಬರುವಂಥದ್ದಾದರೆ ಡೈವರ್ಟರ್ ಸಾಕು ಎನ್ನುತ್ತೇನೆ. ದಿನವಿಡೀ ಪೊದೆ ತೆಗೆಯುವವರಿಗೆ ಮಾತ್ರ ಮೂರನೆಯದು. ಡೈವರ್ಟರ್ ಹಾಕಿಸಿದರೆ ಒಂದು ವಿಷಯ ನೆನಪಿಡಿ. ಕೆಲವು ಲೋಡರ್‌ಗಳಲ್ಲಿ ಬಕೆಟ್ ಸುರಿಯುವ ದಿಕ್ಕಿಗೆ ಲಿವರ್ ಎರಡು ಹಂತಗಳಲ್ಲಿ ಸರಿಯುತ್ತದೆ. ಎರಡನೆಯ ಹಂತದಲ್ಲಿ ಬಕೆಟ್ ಬೇಗ ಮಗುಚಲೆಂದು ಸಿಲಿಂಡರ್‌ನ ಎರಡೂ ಕಡೆಗೆ ಒಂದೇ ಒತ್ತಡ ಸಿಗುತ್ತದೆ. ಆ ಸ್ಥಿತಿಯಲ್ಲಿ ಗ್ರ್ಯಾಪಲ್‌ನ ಹಿಡಿತ ಬಲಹೀನವಾಗುತ್ತದೆ, ಅಥವಾ ತೆರೆಯಬೇಕಾದ ದವಡೆ ಮುಚ್ಚುತ್ತದೆ. ವಾಲ್ವ್ ಕೆಟ್ಟಿದೆಯೆಂದು ಬಿಚ್ಚಲು ಹೋಗಬೇಡಿ. ಲಿವರನ್ನು ಮೊದಲ ಹಂತದಲ್ಲೇ ನಿಲ್ಲಿಸಿ.

ಹೋಸ್‌ಗೆ 3/8 ಇಂಚು, ಎರಡು ಪದರ ಉಕ್ಕಿನ ಹೆಣಿಗೆಯದು ಸರಿಯಾಗುತ್ತದೆ. ತೋಳನ್ನು ಪೂರ್ತಿ ಎತ್ತಿ, ಪೂರ್ತಿ ಇಳಿಸಿ, ಎರಡೂ ತುದಿಗೆ ಮಗುಚಿ ನೋಡಿದ ಮೇಲೆಯೇ ಉದ್ದ ನಿಗದಿ ಮಾಡಿ. ನೆಲದ ಮೇಲಿನ ಅಳತೆ ನಂಬಿದವರ ಹೋಸ್ ಮೊದಲ ದಿನವೇ ಕೀಲಿನಲ್ಲಿ ಸಿಕ್ಕಿ ಹರಿಯುತ್ತದೆ. 37 ಡಿಗ್ರಿ ಇಳಿಜಾರಿನ ಜೆಐಸಿ ಫಿಟ್ಟಿಂಗ್‌ಗೆ ಟೇಪ್ ಸುತ್ತಬೇಡಿ. ಅಲ್ಲಿ ಲೋಹಕ್ಕೆ ಲೋಹವೇ ಸೀಲು. ಟೇಪಿನ ಚೂರು ವಾಲ್ವ್ ಒಳಗೆ ಸೇರಿದರೆ ಎಣ್ಣೆಯ ದಾರಿ ಬದಲಿಸುವ ಜಾರುದಂಡ, ಅಂದರೆ ಸ್ಪೂಲ್, ಸಿಕ್ಕಿಕೊಳ್ಳುತ್ತದೆ. ವೈರಿಗೆ ಫ್ಯೂಸ್ ಇರಲಿ, ಕರೆಂಟು ಚಾವಿ ತಿರುಗಿಸಿದ ಮೇಲೆ ಮಾತ್ರ ಬರುವಂತಿರಲಿ. ಎಲ್ಲ ಮುಗಿದ ಮೇಲೆ ದವಡೆಯನ್ನು ಹತ್ತಾರು ಬಾರಿ ತೆರೆದು ಮುಚ್ಚಿ ಗಾಳಿ ಹೊರಹಾಕಿ, ಎಣ್ಣೆಯ ಮಟ್ಟ ಮತ್ತೆ ನೋಡಿ. ಹೊಸ ಸಿಲಿಂಡರ್ ಮತ್ತು ಹೋಸ್‌ಗಳು ಕುಡಿದಷ್ಟು ಎಣ್ಣೆ ಟ್ಯಾಂಕಿನಲ್ಲಿ ಕಡಿಮೆಯಾಗಿರುತ್ತದೆ.

ಹಿಂದೆ ಭಾರವಿಲ್ಲದೆ ಗ್ರ್ಯಾಪಲ್ ಎತ್ತಲೇಬೇಡಿ. ಲಿಂಕೇಜಿಗೆ ಭಾರದ ಪೆಟ್ಟಿಗೆಯನ್ನೋ ತೂಕದ ಉಪಕರಣವನ್ನೋ ಕಟ್ಟಿ. ಟ್ರ್ಯಾಕ್ಟರ್‌ನ ಮುಂದಿನ ಆಕ್ಸಲ್ ನಡುವಿನ ಒಂದೇ ಕೀಲಿನ ಮೇಲೆ ತೂಗುತ್ತದೆ. ಹಾಗಾಗಿ ಗಾಲಿ ನಾಲ್ಕಿದ್ದರೂ ಪಕ್ಕಕ್ಕೆ ಉರುಳುವ ವಿಷಯದಲ್ಲಿ ಅದು ನಿಂತಿರುವುದು ಹಿಂದಿನ ಎರಡು ಗಾಲಿ ಮತ್ತು ಆ ಕೀಲು ಸೇರಿದ ತ್ರಿಕೋನದ ಮೇಲೆ. ಹೊರೆ ಮೇಲಿದ್ದು ಒಂದು ಗಾಲಿ ಗುಂಡಿಗಿಳಿದರೆ ಉರುಳಲು ಕ್ಷಣ ಸಾಕು. ಹೊರೆಯನ್ನು ಮೊಣಕಾಲೆತ್ತರ ಮೀರದಂತೆ ಒಯ್ಯಿರಿ. ರಕ್ಷಣಾ ಕಮಾನು ಎತ್ತಿರಲಿ, ಸೀಟ್ ಬೆಲ್ಟ್ ಕಟ್ಟಿರಲಿ.

ಪ್ರಶ್ನೆ: ದಿಮ್ಮಿ ಹಿಡಿದು ಹತ್ತು ನಿಮಿಷ ನಿಂತರೆ ನನ್ನ ಗ್ರ್ಯಾಪಲ್ ತಾನಾಗಿ ಸಡಿಲವಾಗುತ್ತದೆ. ಎಲ್ಲೂ ಸೋರಿಕೆ ಕಾಣುವುದಿಲ್ಲ.

ಉತ್ತರ: ಸೋರಿಕೆ ಒಳಗಿದೆ. ಸ್ಪೂಲ್ ವಾಲ್ವ್‌ನಲ್ಲಿ ಕೂದಲೆಳೆಯಷ್ಟು ಸಂದು ಇದ್ದೇ ಇರುತ್ತದೆ, ಅದರಿಂದ ಎಣ್ಣೆ ನಿಧಾನವಾಗಿ ಜಾರುತ್ತದೆ. ಸಿಲಿಂಡರ್ ಪಕ್ಕದಲ್ಲೇ ಎಣ್ಣೆ ತಾನಾಗಿ ಹಿಂದೆ ಹರಿಯದಂತೆ ತಡೆಯುವ ಪೈಲಟ್ ಚೆಕ್ ವಾಲ್ವ್ ಹಾಕಿಸಿ. ಹೋಸ್ ಒಡೆದರೂ ದವಡೆ ಬಾಯಿ ಬಿಡುವುದಿಲ್ಲವಾದ್ದರಿಂದ ಎಲ್ಲ ಗ್ರ್ಯಾಪಲ್‌ಗಳಿಗೂ ಇದು ಬೇಕು ಎಂದೇ ನನ್ನ ಅಭಿಪ್ರಾಯ. ಅದನ್ನು ಹಾಕಿದ ಮೇಲೂ ಸಡಿಲವಾದರೆ ಸಿಲಿಂಡರ್‌ನ ಪಿಸ್ಟನ್ ಸೀಲ್ ಬದಲಿಸಿ. ಸೋರಿಕೆ ಹುಡುಕುವಾಗ ಹೋಸ್ ಮೇಲೆ ಕೈಯಾಡಿಸಬೇಡಿ, ರಟ್ಟಿನ ತುಂಡು ಹಿಡಿದು ನೋಡಿ. ಸೂಜಿಮೊನೆಯ ರಂಧ್ರದಿಂದ ಚಿಮ್ಮುವ ಎಣ್ಣೆ ಚರ್ಮ ತೂರಿ ಒಳಹೋಗುತ್ತದೆ. ಗಾಯ ಚುಕ್ಕಿಯಷ್ಟೇ ಕಂಡರೂ, ನೋವಿಲ್ಲದಿದ್ದರೂ ಕೂಡಲೇ ಆಸ್ಪತ್ರೆಗೆ ಹೋಗಿ, ಒತ್ತಡದ ಎಣ್ಣೆ ಒಳಹೊಕ್ಕಿದೆ ಎಂದು ವೈದ್ಯರಿಗೆ ಸ್ಪಷ್ಟವಾಗಿ ಹೇಳಿ. ತಡವಾದರೆ ಬೆರಳನ್ನೋ ಕೈಯನ್ನೋ ಕಳೆದುಕೊಳ್ಳಬೇಕಾದೀತು.

ಪ್ರಶ್ನೆ: ಬಿಸಿಲಲ್ಲಿ ಕಳಚಿಟ್ಟ ಗ್ರ್ಯಾಪಲ್‌ನ ಕಪ್ಲಿಂಗ್ ಮತ್ತೆ ಕೂರುವುದೇ ಇಲ್ಲ. ಸುತ್ತಿಗೆಯಿಂದ ಬಡಿಯಬಹುದೇ?

ಉತ್ತರ: ಬೇಡ. ಒಳಗೆ ಸಿಕ್ಕ ಎಣ್ಣೆ ಬಿಸಿಲಿಗೆ ಹಿಗ್ಗಿ ಒತ್ತಡವೇರಿದೆ. ನೆರಳಿಗೆ ಸರಿಸಿ ತಣಿಯಲು ಬಿಡಿ. ಇನ್ನು ಮುಂದೆ ಕಳಚುವ ಮೊದಲು ದವಡೆಯನ್ನು ನೆಲಕ್ಕೂರಿ ಎಂಜಿನ್ ನಿಲ್ಲಿಸಿ. ಚಾವಿಯನ್ನು ಆನ್‌ನಲ್ಲೇ ಇಟ್ಟು, ಪ್ರತ್ಯೇಕ ವಾಲ್ವ್ ಇದ್ದರೆ ಎರಡೂ ಗುಂಡಿಗಳನ್ನು ಒಂದಾದ ಮೇಲೊಂದರಂತೆ ಒತ್ತಿ. ಡೈವರ್ಟರ್ ಇದ್ದರೆ ಗುಂಡಿ ಹಿಡಿದು ಲಿವರನ್ನು ಎರಡೂ ಕಡೆಗೆ ಆಡಿಸಿ. ಒತ್ತಡ ಟ್ಯಾಂಕಿಗೆ ಇಳಿಯುತ್ತದೆ.

ಪ್ರಶ್ನೆ: ಗ್ರ್ಯಾಪಲ್‌ನಿಂದ ಬೊಡ್ಡೆ ಕೀಳಬಹುದೇ?

ಉತ್ತರ: ಸುತ್ತ ಅಗೆದು ಬೇರು ಕಡಿದ ಬೊಡ್ಡೆಯನ್ನು ಎತ್ತಬಹುದು. ನೆಲ ಕಚ್ಚಿರುವುದನ್ನು ಮೀಟಿದರೆ ಬಾಗುವುದು ಲೋಡರ್‌ನ ತೋಳು. ಗ್ರ್ಯಾಪಲ್‌ನ ಒಂದೇ ಮೂಲೆಯಿಂದ ಮೀಟುವುದಂತೂ ತೀರಾ ಕೆಟ್ಟದ್ದು, ಎರಡು ತೋಳುಗಳ ಭಾರವೆಲ್ಲ ಒಂದರ ಮೇಲೆ ಬೀಳುತ್ತದೆ. ಹಲ್ಲುಗಳನ್ನು ನೆಲಕ್ಕೆ ಚುಚ್ಚಿ ಹಿಂದಕ್ಕೆ ಎಳೆಯಲೂಬೇಡಿ. ಆಗ ಮಗುಚುವ ಸಿಲಿಂಡರ್‌ನ ದಂಡ ಪೂರ್ತಿ ಹೊರಚಾಚಿರುತ್ತದೆ, ಬಾಗುವುದು ಅದೇ. ಬಲ ಸಾಲದೆಂದು, ಒತ್ತಡ ಮಿತಿ ಮೀರದಂತೆ ಕಾಯುವ ರಿಲೀಫ್ ವಾಲ್ವ್‌ನ ಒತ್ತಡ ಏರಿಸಿಕೊಡುತ್ತೇವೆ ಎನ್ನುವವರಿದ್ದಾರೆ. ಅವರಿಗೆ ಟ್ರ್ಯಾಕ್ಟರ್ ಕೊಡಬೇಡಿ.