ಕ್ಯಾಂಪಸ್‌ನಲ್ಲಿ ನಡೆಯುವ ವಿಜ್ಞಾನ ಸಮ್ಮೇಳನಕ್ಕೆ ಹೊರಡುವ ಮುಂಚೆ ಏನೇನು ತಿಳಿದುಕೊಳ್ಳಬೇಕು?

ಮೊದಲ ಸಲ ಹೊರದೇಶದ ಸಮ್ಮೇಳನಕ್ಕೆ, ನಿಮ್ಮ ಸಂಶೋಧನೆಯನ್ನು ವಿವರಿಸುವ ಪೋಸ್ಟರ್ ಹಿಡಿದು ಹೊರಟಿದ್ದೀರಿ. ಸಂಘಟಕರು ಕಳಿಸಿದ ‘ಸಂದರ್ಶಕರ ಮಾಹಿತಿ’ ಉದ್ದಕ್ಕಿದೆ, ಯಾವುದನ್ನು ಗಮನವಿಟ್ಟು ಓದಬೇಕು ಎಂದು ಕೇಳಿದ್ದೀರಿ. ನಾನು ಇಂಥ ಸಮ್ಮೇಳನಗಳಿಗೆ ಹೋಗಿದ್ದೂ ಇದೆ, ನೋಂದಣಿ ಮೇಜಿನ ಆಚೆ ಬದಿ ಕೂತಿದ್ದೂ ಇದೆ. ಆ ಮಾಹಿತಿ ಬರೆಯುವವರಿಗೆ ಕ್ಯಾಂಪಸ್‌ನ ಮೂಲೆ ಮೂಲೆಯೂ ಗೊತ್ತಿರುತ್ತದೆ. ಹಾಗಾಗಿ ಹೊಸಬರಿಗೆ ಬೇಕಾದದ್ದೇ ಎಷ್ಟೋ ಸಲ ಬಿಟ್ಟುಹೋಗಿರುತ್ತದೆ. ಏನು ಬರೆದಿಲ್ಲ ಅನ್ನುವುದನ್ನು ಹುಡುಕಿ, ಈಗಲೇ ಕೇಳಿ.

ಮೊದಲು ವಿಳಾಸ. ವಿಶ್ವವಿದ್ಯಾಲಯದ ಹೆಸರು ಹಾಕಿ ಮೊಬೈಲ್ ನಕ್ಷೆಯಲ್ಲಿ ಹುಡುಕಿದರೆ ಅದು ಮುಖ್ಯ ಗೇಟನ್ನೋ ಆಡಳಿತ ಕಚೇರಿಯನ್ನೋ ತೋರಿಸಬಹುದು. ನಿಮ್ಮ ಸಭಾಂಗಣ ಅಲ್ಲಿಂದ ಅರ್ಧ ಗಂಟೆ ನಡಿಗೆಯಷ್ಟು ದೂರ ಇರಬಹುದು. ಊರಿನ ಬೇರೆ ದಿಕ್ಕಿನಲ್ಲಿ ಇನ್ನೊಂದು ಕ್ಯಾಂಪಸ್ ಇರುವುದೂ ಉಂಟು. ಕಟ್ಟಡದ ಹೆಸರು, ಅದರ ನಂಬರ್, ಹತ್ತಿರದ ಗೇಟು, ಇಳಿಯಬೇಕಾದ ನಿಲ್ದಾಣ ಬರೆದಿಟ್ಟುಕೊಳ್ಳಿ. ಕೋಣೆ ನಂಬರಿನಲ್ಲೂ ಒಂದು ಸಣ್ಣ ಗೋಜಲಿದೆ. ಯುರೋಪಿನ ಬಹುತೇಕ ಕಡೆ ನೆಲಮಹಡಿಯನ್ನು ಸೊನ್ನೆ ಎಂದು ಎಣಿಸುತ್ತಾರೆ, ಅಮೆರಿಕದಲ್ಲಿ ಅದೇ ಒಂದನೇ ಮಹಡಿ. 105 ಎಂದಿದ್ದರೆ ಒಂದು ಕಡೆ ಮೆಟ್ಟಿಲು ಹತ್ತಬೇಕು, ಇನ್ನೊಂದು ಕಡೆ ಬೇಡ. ನೋಂದಣಿ ಭಾನುವಾರ ಸಂಜೆ ಇದ್ದರೆ ಯಾವ ಬಾಗಿಲು ತೆರೆದಿರುತ್ತದೆ ಎಂದೂ ಕೇಳಿಡಿ. ರಜೆಯ ದಿನ ಎಷ್ಟೋ ಕಟ್ಟಡಗಳ ಬಾಗಿಲು ಅಲ್ಲಿನವರ ಕಾರ್ಡಿಗೆ ಮಾತ್ರ ತೆಗೆಯುತ್ತದೆ.

ಇಂಟರ್ನೆಟ್ ವಿಷಯ ಎಲ್ಲರೂ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಬಹಳಷ್ಟು ವಿಶ್ವವಿದ್ಯಾಲಯಗಳಲ್ಲಿ ‘ಎಡ್ಯುರೋಮ್’ ಎಂಬ ವೈಫೈ ಇರುತ್ತದೆ. ಯುರೋಪಿನಲ್ಲಿ 2000ರ ದಶಕದ ಆರಂಭದಲ್ಲಿ ಹುಟ್ಟಿ, ಈಗ ನೂರಕ್ಕೂ ಹೆಚ್ಚು ದೇಶಗಳಲ್ಲಿದೆ. ಕೆಲಸ ಮಾಡುವ ರೀತಿ ಸರಳ. ನೀವು ಅಲ್ಲಿ ಲಾಗಿನ್ ಆದಾಗ ಆ ಕೋರಿಕೆ ನಿಮ್ಮ ಸ್ವಂತ ಸಂಸ್ಥೆಯ ಸರ್ವರ್‌ಗೆ ಹೋಗುತ್ತದೆ, ‘ಹೌದು, ಇವರು ನಮ್ಮವರೇ’ ಎಂದು ಅದು ಹೇಳಿದರೆ ಸಂಪರ್ಕ ಸಿಗುತ್ತದೆ. ಅದಕ್ಕೇ ಬಳಕೆದಾರ ಹೆಸರಿನಲ್ಲಿ ‘@’ ಚಿಹ್ನೆ ಮತ್ತು ಅದರ ನಂತರ, ಇಮೇಲ್ ವಿಳಾಸದಲ್ಲಿರುವಂತೆ, ನಿಮ್ಮ ಸಂಸ್ಥೆಯ ಡೊಮೇನ್ ಹೆಸರು ಪೂರ್ತಿ ಇರಬೇಕು. ಸ್ವಂತ ಕ್ಯಾಂಪಸ್‌ನಲ್ಲಿ ಬರೀ ಹೆಸರು ಹಾಕಿದರೂ ನಡೆದೀತು, ಹೊರಗೆ ನಡೆಯುವುದಿಲ್ಲ. ಹೊರಡುವ ಮುಂಚೆಯೇ, ನಿಮ್ಮ ಸಂಸ್ಥೆ ಕೊಟ್ಟ ಸೂಚನೆಯಂತೆ ಫೋನು, ಲ್ಯಾಪ್‌ಟಾಪ್ ಎರಡರಲ್ಲೂ ಸೆಟ್ ಮಾಡಿಕೊಳ್ಳಿ. ಅಲ್ಲಿಗೆ ಹೋದ ಮೇಲೆ ತೊಂದರೆಯಾದರೆ ಅಲ್ಲಿನವರು ಪಾಪ ಏನೂ ಮಾಡಲಾರರು, ಯಾಕೆಂದರೆ ನಿಮ್ಮ ಖಾತೆ ಇರುವುದು ನಿಮ್ಮ ಊರಿನಲ್ಲಿ. ನಿಮ್ಮ ಸಂಸ್ಥೆಯಲ್ಲಿ ಎಡ್ಯುರೋಮ್ ಇಲ್ಲವಾದರೆ ಅತಿಥಿ ಖಾತೆ ಹೇಗೆ ಕೊಡುತ್ತೀರಿ ಎಂದು ಸಂಘಟಕರನ್ನು ಕೇಳಿ.

ವೀಸಾಗೆ ಆಹ್ವಾನ ಪತ್ರ ಬೇಕೆಂದರೆ ಮೊದಲು ನೋಂದಣಿ ಶುಲ್ಕ ಕಟ್ಟಿ ಅನ್ನುವ ಸಂಘಟಕರೇ ಜಾಸ್ತಿ. ಹಾಗಾಗಿ ವೀಸಾ ಸಿಗದಿದ್ದರೆ ಹಣ ವಾಪಸ್ ಬರುತ್ತದೆಯೇ ಎಂದು ನೋಡಿಕೊಂಡೇ ಕಟ್ಟಿ. ಷೆಂಗೆನ್ ದೇಶಕ್ಕೆ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿಗೆ, ಹೋಗುವುದಾದರೆ ಪ್ರಯಾಣಕ್ಕೆ 6 ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, ಕೊನೆಯ ಗಡುವು 15 ದಿನ ಮುಂಚೆ. ಆ ಹದಿನೈದನ್ನು ನಂಬಿ ಕೂರಬೇಡಿ, ಅಷ್ಟರೊಳಗೆ ವೀಸಾ ಸಂದರ್ಶನದ ದಿನಾಂಕವೇ ಸಿಗದಿರಬಹುದು. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆಯೂ ಬೇಕು.

ವಸತಿಯ ಬಗ್ಗೆ ಒಂದು ಎಚ್ಚರಿಕೆ. ಸಮ್ಮೇಳನದ ಹೆಸರು ಹೇಳಿಕೊಂಡು ‘ನಿಮ್ಮ ಕೋಣೆ ನಾವು ಬುಕ್ ಮಾಡುತ್ತೇವೆ, ಕಾರ್ಡ್ ವಿವರ ಕಳಿಸಿ’ ಎಂದು ಇಮೇಲ್ ಬರುತ್ತದೆ, ಫೋನೂ ಬರುತ್ತದೆ. ಇದು ಹಳೆಯ ಮೋಸ. ಭಾಷಣಕಾರರ ಪಟ್ಟಿ ಎಲ್ಲರಿಗೂ ಕಾಣುವಂತೆ ಇರುತ್ತದಲ್ಲ, ಅಲ್ಲಿಂದಲೇ ಹೆಸರು ಎತ್ತುತ್ತಾರೆ. ಸಂಘಟಕರು ತಮ್ಮ ಜಾಲತಾಣದಲ್ಲಿ ಹೆಸರಿಸಿದ ಏಜೆನ್ಸಿ ಬಿಟ್ಟು ಬೇರೆ ಯಾರಿಗೂ ಉತ್ತರ ಕೊಡಬೇಡಿ. ವಿದ್ಯಾರ್ಥಿ ಹಾಸ್ಟೆಲ್‌ನಲ್ಲಿ ಇಳಿಯುವುದಾದರೆ ಮೂರು ಪ್ರಶ್ನೆ ಕೇಳಿ: ಹಾಸಿಗೆ ಬಟ್ಟೆ, ಟವೆಲ್ ಕೊಡುತ್ತಾರಾ? ಬಚ್ಚಲು ಹಂಚಿಕೊಳ್ಳಬೇಕಾ? ರಾತ್ರಿ ತಡವಾಗಿ ಬಂದರೆ ಬೀಗದ ಕೈ ಯಾರ ಹತ್ತಿರ? ಕೊನೆಯದೇ ಮುಖ್ಯ. ಇಂಥ ಕಚೇರಿಗಳು ಸಂಜೆಗೇ ಮುಚ್ಚಿಬಿಡುವುದುಂಟು.

ಪಾರ್ಕಿಂಗ್, ನೋಡಬೇಕಾದ ಸ್ಥಳಗಳು, ಕುಲಪತಿಗಳ ಸ್ವಾಗತ ಸಂದೇಶ ಎಲ್ಲ ವಿಮಾನದಲ್ಲಿ ಓದಿದರಾಯಿತು.

ಇನ್ನು ಪೋಸ್ಟರ್. ‘ಎ0’ ಎಂದು ಮಾತ್ರ ಬರೆದಿದ್ದರೆ ಸಾಲದು. ಎ0 ಹಾಳೆ 841 × 1189 ಮಿಲಿಮೀಟರ್. ಉದ್ದುದ್ದವಾ, ಅಡ್ಡಡ್ಡವಾ ಎಂದು ಕೇಳಿ. ಒಂದು ಮೀಟರ್ ಅಗಲದ ಬೋರ್ಡಿಗೆ ಅಡ್ಡ ಪೋಸ್ಟರ್ ತಂದರೆ ಎರಡೂ ಬದಿ ಹತ್ತತ್ತಿರ ಹತ್ತು ಸೆಂಟಿಮೀಟರ್ ಹೊರಚಾಚುತ್ತದೆ, ಪಕ್ಕದವರ ಮುಖ ಸಪ್ಪಗಾಗುತ್ತದೆ. ಅಮೆರಿಕದಲ್ಲಿ ಅಳತೆ ಇಂಚಿನಲ್ಲಿ ಇರುತ್ತದೆ, ಎ0 ಲೆಕ್ಕ ಅಲ್ಲಿ ಹೊಂದುವುದಿಲ್ಲ. ಬಟ್ಟೆಯ ಮೇಲೆ ಪ್ರಿಂಟ್ ಹಾಕಿಸುವುದು ನನಗಿಷ್ಟ. ಮಡಚಿ ಕೈಚೀಲದಲ್ಲಿಟ್ಟರೆ ವಿಮಾನದಲ್ಲಿ ಉದ್ದನೆ ಕೊಳವೆ ಹೊತ್ತು ತಿರುಗುವುದು ತಪ್ಪುತ್ತದೆ. ಆದರೆ ಬಟ್ಟೆಗೆ ಅಂಟುಪಟ್ಟಿ ಸರಿಯಾಗಿ ಹಿಡಿಯದಿರಬಹುದು. ಬೋರ್ಡಿಗೆ ಪಿನ್ ಚುಚ್ಚಬಹುದಾ ಎಂದು ಮೊದಲೇ ಕೇಳಿ, ಆಮೇಲೆ ಪ್ರಿಂಟಿಗೆ ಕೊಡಿ.