ಗಂಟು ಹಾಕಲಿ ಬಿಡಿ

ಪ್ರಶ್ನೆ: ಸರ್, ಮಗ ಐದನೇ ತರಗತಿ. ಸ್ಕೌಟ್ಸ್ ಸೇರಿದಾಗಿನಿಂದ ಬರೀ ಹಗ್ಗಕ್ಕೆ ಗಂಟು ಹಾಕುತ್ತಾ ಕೂರುತ್ತಾನೆ. ರಾಷ್ಟ್ರಪತಿ ಪ್ರಶಸ್ತಿ ಯಾವಾಗ ಸಿಗುತ್ತದೆ?
– ಒಬ್ಬ ತಾಯಿ, ಸಕಲೇಶಪುರ

ಉತ್ತರ: ಅವಸರ ಬೇಡಮ್ಮ. ಮೊದಲು ಪ್ರವೇಶ: ಪ್ರತಿಜ್ಞೆ, ನಿಯಮ, ಎಡಗೈ ಕುಲುಕುವುದು, ದಿನಕ್ಕೊಂದು ಒಳ್ಳೆಯ ಕೆಲಸ. ಆಮೇಲೆ ಪ್ರಥಮ, ದ್ವಿತೀಯ, ತೃತೀಯ ಸೋಪಾನ, ರಾಜ್ಯ ಪುರಸ್ಕಾರ. ರಾಷ್ಟ್ರಪತಿ ಪ್ರಶಸ್ತಿ ಕೊನೆಗೆ. ವರ್ಷಗಟ್ಟಲೆ ಹಿಡಿಯುತ್ತದೆ.

ಗಂಟನ್ನು ಮಾತ್ರ ಹಗುರವಾಗಿ ನೋಡಬೇಡಿ. ಒಂದೇ ದಪ್ಪದ ಹಗ್ಗಗಳಿಗೆ ರೀಫ್ ನಾಟ್, ದಪ್ಪ ಹಗ್ಗಕ್ಕೆ ತೆಳುವಾದದ್ದು ಸೇರಿಸಲು ಶೀಟ್ ಬೆಂಡ್. ಬೋಲೈನ್ ಕುಣಿಕೆ ಎಳೆದರೂ ಬಿಗಿಯಾಗುವುದಿಲ್ಲ. ಹಾಸನದ ನಮ್ಮ ಹುಡುಗರಿಗೆ ನಾನು ಅದನ್ನು ಕಲಿಸುವುದು ಕರುವಿನ ಕೊರಳಿಗೆ ಕಟ್ಟಿಸಿಯೇ! ನೈಲಾನ್ ಹಗ್ಗ ಜಾರುತ್ತದೆ, ನೂಲಿನದು ಕೊಡಿ. ಬ್ಯಾಡ್ಜ್ ಆತುರ ಮಕ್ಕಳಿಗಿಂತ ನಮಗೇ ಜಾಸ್ತಿ, ಅಲ್ವಾ? ಈಗ ಕಣ್ಣು ಮುಚ್ಚಿ ಕಟ್ಟಲು ಹೇಳಿ ನೋಡಿ.