ಓದುಗರ ಪ್ರಶ್ನೆ: ಮೂರನೇ ಮಹಡಿಯ ಕರಿಬೇವು

ಪ್ರಶ್ನೆ: ಕಾಲು ಮುರಿದು ಆಪರೇಷನ್ ಆಗಿದೆ. ಬೆಂಗಳೂರಿನಲ್ಲಿ ಮೂರನೇ ಮಹಡಿಯ ಮನೆ, ಲಿಫ್ಟ್ ಇಲ್ಲ. ಮೂರು ತಿಂಗಳು ಮೆಟ್ಟಿಲು ಇಳಿಯುವಂತಿಲ್ಲ. ಮಗ, ಸೊಸೆ ಕೆಲಸಕ್ಕೆ ಹೋದರೆ ಸಂಜೆವರೆಗೂ ಒಬ್ಬಳೇ. ಟಿವಿ, ಮೊಬೈಲ್ ಸಾಕಾಗಿದೆ. ಪೂರ್ವಕ್ಕೆ ಬಾಲ್ಕನಿ ಇದೆ. ಏನು ಮಾಡಬಹುದು?

ಉತ್ತರ: ಬಾಲ್ಕನಿ ತುಂಬ ಕುಂಡ ಇಡಿಸಬೇಡಿ, ನೀರು ಹಾಕುವುದೇ ಹೊಸ ತಲೆನೋವಾದೀತು. ಒಂದು ಕರಿಬೇವಿನ ಗಿಡ ಸಾಕು. ಒಗ್ಗರಣೆಗಲ್ಲ, ಚಿಟ್ಟೆಗೆ. ಕರಿಬೇವು ನಿಂಬೆಯ ಕುಟುಂಬದ್ದು. ನಿಂಬೆ ಚಿಟ್ಟೆ, ಕಾಮನ್ ಮಾರ್ಮನ್ ಚಿಟ್ಟೆಗಳು ಅದರ ಚಿಗುರಿನ ಮೇಲೆ ಮೊಟ್ಟೆ ಇಡುತ್ತವೆ.

12 ಇಂಚಿನ ಕುಂಡಕ್ಕೆ ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಗೊಬ್ಬರ, ಒಂದು ಪಾಲು ಮರಳು. ತುಂಬಿದ ಕುಂಡವನ್ನು ಮಗನೇ ಎತ್ತಿ ಗಟ್ಟಿ ಸ್ಟೂಲಿನ ಮೇಲೆ ಇಡಲಿ, ನೀವು ಬಗ್ಗಬಾರದು. ನೆಲಕ್ಕೆ ಚೆಲ್ಲಿದ ನೀರಿನ ಮೇಲೆ ವಾಕರ್ ಜಾರುತ್ತದೆ, ಅದೂ ನೆನಪಿರಲಿ. ನರ್ಸರಿಯ ಗಿಡಕ್ಕೆ ಔಷಧಿ ಹೊಡೆದಿರಬಹುದು; ಹಳೆಯ ಎಲೆ ಸವರಿಸಿ, ಹೊಸ ಚಿಗುರು ಬರುವವರೆಗೆ ಕಾಯಿರಿ.

ಮೊಟ್ಟೆ ಸಾಸಿವೆಗಿಂತ ಚಿಕ್ಕದು, ತಿಳಿ ಹಳದಿ, ಒಂದೊಂದೇ ಇರುತ್ತದೆ. ಮೂರು ನಾಲ್ಕು ದಿನಕ್ಕೆ ಒಡೆದು ಬರುವ ಮರಿಹುಳು ಹಕ್ಕಿಹಿಕ್ಕೆಯಂತೆ ಕಂದು-ಬಿಳಿಯಾಗಿರುತ್ತದೆ. ನಾಲ್ಕು ಸಲ ಪೊರೆ ಬಿಟ್ಟ ಮೇಲೆ ಹಸಿರಾಗುತ್ತದೆ. ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೊಂಬು ಹೊರಚಾಚಿ ಕಟುವಾಸನೆ ಬಿಡುತ್ತದೆ, ಕಚ್ಚುವುದಿಲ್ಲ. ಸುಮಾರು ಎರಡು ವಾರಕ್ಕೆ ತಿನ್ನುವುದು ನಿಲ್ಲಿಸಿ, ತೆಳುವಾಗಿ ಹಿಕ್ಕೆ ಹಾಕಿ, ಗಿಡ ಬಿಟ್ಟು ಅಲೆಯತೊಡಗುತ್ತದೆ. ಕಾಯಿಲೆಯೆಂದು ಗಾಬರಿಯಾಗಬೇಡಿ, ಪ್ಯೂಪ, ಅಂದರೆ ಹುಳು ಚಿಟ್ಟೆಯಾಗಿ ಬದಲಾಗುವ ಕೋಶ, ಆಗಲು ಜಾಗ ಹುಡುಕುತ್ತಿದೆ.

ಪ್ಯೂಪದಿಂದ ಚಿಟ್ಟೆ ಹೊರಬರಲು ಒಂದೂವರೆ ವಾರವೆನ್ನಿ. ಹಿಂದಿನ ದಿನವೇ ರೆಕ್ಕೆಯ ಬಣ್ಣ ಒಳಗಿನಿಂದ ಕಾಣುತ್ತದೆ. ಹೊರಬಂದದ್ದು ಹಿಡಿದು ನೇತಾಡಲು ಕಡ್ಡಿ ಇರಲಿ, ಇಲ್ಲದಿದ್ದರೆ ರೆಕ್ಕೆ ಮುದುರಿಯೇ ಒಣಗುತ್ತದೆ.

ಎಡವುವುದು ಸಾಮಾನ್ಯವಾಗಿ ಇಲ್ಲಿ: ಮುಚ್ಚಿದ ಬಾಟಲಿಯಲ್ಲಿಟ್ಟರೆ ತೇವಕ್ಕೆ ಹುಳು ಕಪ್ಪಾಗಿ ಕೊಳೆಯುತ್ತದೆ. ಅಂಗಡಿಯ ಸೊಪ್ಪು ಹಾಕಿದರೆ ಕೀಟನಾಶಕಕ್ಕೆ ಸಾಯಬಹುದು. ಪುಟ್ಟ ಗಿಡಕ್ಕೆ ಎರಡು ಮೂರಕ್ಕಿಂತ ಹೆಚ್ಚು ಹುಳು ಬಿಟ್ಟರೆ ಬರಿ ಕಡ್ಡಿ ಉಳಿಯುತ್ತದೆ. ಪ್ಯೂಪದಲ್ಲಿ ದುಂಡನೆ ತೂತು ಕಂಡರೆ ಪರೋಪಜೀವಿ ಕಣಜದ ಕೆಲಸ. ಬೇಸರವೇ, ಆದರೆ ಅದೂ ಬದುಕಬೇಕಲ್ಲ.

ದಿನಾ ಒಂದೇ ಹೊತ್ತಿಗೆ ಅಲ್ಲಿ ಕುಳಿತು ತಾರೀಖು, ಹುಳದ ಉದ್ದ, ತಿಂದ ಎಲೆ ಬರೆದಿಡಿ. ಫೋಟೊಗಿಂತ ಪೆನ್ಸಿಲ್ ಚಿತ್ರ ಒಳ್ಳೆಯದು, ಬಿಡಿಸಲು ಹೊರಟಾಗಲೇ ಕಣ್ಣು ನಿಜವಾಗಿ ನೋಡುವುದು. ಆದರೆ ನಿದ್ದೆ, ಹಸಿವು ಎರಡು ವಾರ ಕೆಟ್ಟೇ ಇದ್ದರೆ ಗಿಡವೊಂದನ್ನೇ ನಂಬಬೇಡಿ. ವೈದ್ಯರಿಗೆ ಹೇಳಿ, ಅಥವಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ವಯಸ್ಸಾದ ಅಮ್ಮನಿಗೆ ಹೊತ್ತು ಹೋಗಲೆಂದು ಕಿಟಕಿಯ ಬಳಿ ನೀರು, ಕಾಳು ಇಟ್ಟೆವು. ಬರೀ ಪಾರಿವಾಳ ಬರುತ್ತವೆ.

ಉತ್ತರ: ಕಾಳು ತೆಗೆದುಬಿಡಿ, ಅವು ಬರುವುದು ಅದಕ್ಕೇ. ಒಣಗಿದ ಪಾರಿವಾಳದ ಹಿಕ್ಕೆಯ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಗುಡಿಸದೆ, ನೆನೆಸಿ ಒರೆಸಿ. ನೀರಿಗೆ ಎರಡಿಂಚು ಆಳದ ಮಣ್ಣಿನ ತಟ್ಟೆ, ನಡುವೆ ಒಂದು ಕಲ್ಲು. ನೀರನ್ನು ದಿನಾ ಬದಲಿಸಿ, ಸೊಳ್ಳೆಮರಿಗೆ ಒಂದು ವಾರವೇ ಸಾಕು. ಹತ್ತಿರ ಕೊಂಬೆಯಿದ್ದರೆ ಪಿಕಳಾರ ಬಂದೀತು. ಕೆಲವು ವಾರ ತಟ್ಟೆಯ ಜಾಗ ಬದಲಿಸದಿರಿ.